ಕಬ್ಬಿನ ಸಿಪ್ಪೆಯಲ್ಲೂ ಲಾಭವಿದೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂದಾಗ ನಮಗೆ ನೆನಪಾಗುವುದು ತೊಗರಿ. ಆದರೆ ಅಲ್ಲಿ ಭೂಸನೂರಿನಲ್ಲಿ ಎನ್‌ಎಸ್‌ಎಲ್, ಹವಳಗಾದಲ್ಲಿ ರೇಣುಕಾ, ಜೇವರ್ಗಿ ಭಾಗದ ಮಳ್ಳಿಯಲ್ಲಿ ಉಗಾರ್ ಸಕ್ಕರೆ ಕಾರ್ಖಾನೆಗಳೂ ಇವೆ.

ಸಕ್ಕರೆಯೊಂದನ್ನೇ ನಂಬಿದರೆ ಕಾರ್ಖಾನೆ ಉಳಿಯುವುದು ಕಷ್ಟ. ದರ ಕುಸಿದ ವರ್ಷ ರೈತರ ಕಬ್ಬಿನ ಹಣವೂ ಬಾಕಿ ಬೀಳುತ್ತದೆ. ಬ್ರಹ್ಮಾವರದ ಕಾರ್ಖಾನೆಗೆ ಬೀಗ ಬಿದ್ದುದನ್ನು ಕಂಡ ಕರಾವಳಿಯವರಿಗೆ ಈ ಸಂಕಟ ಹೊಸದಲ್ಲ.

ನೂರು ಟನ್ ಕಬ್ಬು ಅರೆದರೆ ಸುಮಾರು 30 ಟನ್ ಸಿಪ್ಪೆ, 4 ಟನ್ನಿಗಿಂತ ತುಸು ಹೆಚ್ಚು ಕಾಕಂಬಿ ಉಳಿಯುತ್ತದೆ. ಸಿಪ್ಪೆ ಉರಿಸಿ ವಿದ್ಯುತ್ ತಯಾರಿಸಿದರೆ ಕಲ್ಲಿದ್ದಲಿನ ಖರ್ಚಿಲ್ಲ. ತಮ್ಮ ಬಳಕೆ ಕಳೆದು ಮಿಕ್ಕದ್ದನ್ನು ಮಾರಬಹುದು. ಕಾಕಂಬಿಯಿಂದ ಎಥನಾಲ್ ಆಗುತ್ತದೆ. 2003ರಲ್ಲಿ ಶೇ. 5ರಿಂದ ಆರಂಭವಾದ ಪೆಟ್ರೋಲ್ ಮಿಶ್ರಣ 2025ರಲ್ಲಿ ಶೇ. 20 ತಲುಪಿದ್ದರಿಂದ ಅದಕ್ಕೆ ಮಾರುಕಟ್ಟೆ ಖಚಿತ. ಸಕ್ಕರೆ ಮಾತ್ರ ಮಾರುವ ಕಾರ್ಖಾನೆ ಇವರೊಡನೆ ಪೈಪೋಟಿ ನಡೆಸಲಾರದು.

ಆದರೆ ತೊಗರಿ ಮಳೆಯಲ್ಲೇ ಬೆಳೆಯುತ್ತದೆ, ಕಬ್ಬಿಗೆ ಭೀಮೆಯ ನೀರು ಬೇಕು. ಹನಿ ನೀರಾವರಿಗೆ ರೈತರ ಕೈಹಿಡಿಯದ ಕಾರ್ಖಾನೆಗೆ ಬರಗಾಲದಲ್ಲಿ ಅರೆಯಲು ಕಬ್ಬೇ ಇರದು.

ಇನ್ನು ರೈತರ ಪಾಲು. ಸಕ್ಕರೆ, ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್ ಇವುಗಳ ಮೌಲ್ಯದ ಶೇ. 70 ಕಬ್ಬು ಬೆಳೆದವರಿಗೆ ಸಲ್ಲಬೇಕೆಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತು. ವಿದ್ಯುತ್ ಮತ್ತು ಎಥನಾಲ್ ಆ ಲೆಕ್ಕದಲ್ಲಿ ಸೇರಿಲ್ಲ.