ಸಿಹಿನೀರಿನ ಸುಂಕ

ಮೆಕ್ಸಿಕೋ ದೇಶದ ದಕ್ಷಿಣದಲ್ಲಿರುವ ಚಿಯಾಪಾಸ್ ಪ್ರಾಂತದಲ್ಲಿ ಸಾನ್ ಕ್ರಿಸ್ತೋಬಾಲ್ ಎಂಬ ಪಟ್ಟಣವುಂಟು. ಮಳೆಗೆ ಬರವಿಲ್ಲದ ಬೆಟ್ಟದ ಸೀಮೆ. ಆದರೂ ಅಲ್ಲಿಯ ಹಲವು ಕೇರಿಗಳಲ್ಲಿ ನಲ್ಲಿಯ ನೀರು ವಾರದಲ್ಲಿ ಕೆಲವು ದಿನ ಮಾತ್ರವೇ ಬರುವುದು. ಊರಿನ ಅಂಚಿನಲ್ಲಿಯೇ ಕೋಕಾ-ಕೋಲಾ ತುಂಬುವ ಕಾರ್ಖಾನೆಯೊಂದು ಸರ್ಕಾರದ ಪರವಾನಗಿಯನ್ನು ಹೊಂದಿ ಅಂತರ್ಜಲವನ್ನು ಮೊಗೆಯುತ್ತಿರುವುದು. ಕುಡಿಯುವ ನೀರು ದುರ್ಲಭವಾಗಿ, ಸಕ್ಕರೆಯ ನೀರು ಬೀದಿಬೀದಿಗೂ ಸುಲಭವಾದಲ್ಲಿ ಬಡವನು ಯಾವುದನ್ನು ಕುಡಿದಾನು? ನೆರೆಯ ಚಾಮುಲಾ ಗ್ರಾಮದ ಇಗರ್ಜಿಯಲ್ಲಂತೂ ಈ ಕರಿಯ ಪಾನೀಯವು ಪೂಜಾದ್ರವ್ಯಗಳ ಸಾಲಿಗೇ ಸೇರಿಹೋಗಿದೆ!

ಈ ಪಾನೀಯದ 355 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆಯಿರುವುದು. ಒಬ್ಬ ವಯಸ್ಕನಿಗೆ ದಿನವೊಂದಕ್ಕೆ ಬೆರೆಸಿದ ಸಕ್ಕರೆಯು ಸುಮಾರು 25 ಗ್ರಾಂಗಳೊಳಗಿದ್ದರೆ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿತು. ಅಗಿದು ತಿಂದ ಆಹಾರವು ಹಸಿವನ್ನು ತಣಿಸುವುದು. ಕುಡಿದ ಸಕ್ಕರೆಯಾದರೋ ಹೊಟ್ಟೆಗೆ ಲೆಕ್ಕವನ್ನೊಪ್ಪಿಸದೆ ಒಳಸೇರಿ, ಯಕೃತ್ತಿನಲ್ಲಿ ಮೇದಸ್ಸನ್ನು ಕೂಡಿಸಿ, ಮಧುಮೇಹಕ್ಕೆ ಹಾದಿ ಮಾಡಿಕೊಡುವುದು. ಹಲ್ಲಿನ ಹಾನಿಯನ್ನು ಹೇಳಬೇಕಾದುದೇ ಇಲ್ಲ. 2016ರಲ್ಲಿ ಮೆಕ್ಸಿಕೋ ಸರ್ಕಾರವು ಮಧುಮೇಹದ ನಿಮಿತ್ತ ಆರೋಗ್ಯದ ತುರ್ತು ಪರಿಸ್ಥಿತಿಯನ್ನೇ ಸಾರಬೇಕಾಯಿತು.

ಆ ಹೊತ್ತಿಗಾಗಲೇ, 2014ರ ಜನವರಿ 1ರಿಂದ, ಸಿಹಿಪಾನೀಯದ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆಯು ಜಾರಿಗೆ ಬಂದಿತ್ತು. ಇದೇ ಪಾನೀಯದ ಕಂಪೆನಿಗೆ ಆ ದೇಶದಲ್ಲಿ ಮುಖ್ಯಸ್ಥರಾಗಿದ್ದ ವಿಸೆಂಟೆ ಫಾಕ್ಸರು 2000ದಲ್ಲಿ ರಾಷ್ಟ್ರಾಧ್ಯಕ್ಷರೇ ಆಗಿದ್ದ ನಾಡಿನಲ್ಲಿ ಇದೇನೂ ಸಣ್ಣ ಸಂಗತಿಯಲ್ಲ. ಬಡವರ ಮೇಲೆ ಭಾರ ಬೀಳುವುದೆಂದು ವರ್ತಕರು ಕೂಗಿದರು. ಬಡವರ ವಿಷಯದಲ್ಲಿ ಅವರಿಗೆ ಹುಟ್ಟಿದ ಈ ಕನಿಕರವು ಆಶ್ಚರ್ಯಕರವೇ ಸರಿ! ಮೊದಲ ವರ್ಷದಲ್ಲಿ ಖರೀದಿಯು ಸರಾಸರಿ ಶೇಕಡಾ 6ರಷ್ಟು ಇಳಿಯಿತು. ಬಡ ಮನೆಗಳಲ್ಲಿ ಇನ್ನೂ ಹೆಚ್ಚಾಗಿ ಇಳಿಯಿತು. ಕಾಲು ಕೊಳೆತು ಕಣ್ಣು ಮಂಜಾದಾಗ ಔಷಧದ ಭಾರವನ್ನು ಹೊರುವವರೂ ಆ ಮನೆಗಳವರೇ ಅಲ್ಲವೆ? ತೆರಿಗೆಯ ಹಣದಿಂದ ಶಾಲೆಗಳಿಗೆ ಕುಡಿಯುವ ನೀರನ್ನೊದಗಿಸುವ ಮಾತೂ ಇತ್ತು. ಹಣವು ಬಂದಷ್ಟು ಬೇಗನೆ ನೀರು ಬರಲಿಲ್ಲ. ಅದು ಆ ಸರ್ಕಾರದ ತಪ್ಪು, ತೆರಿಗೆಯದಲ್ಲ.

ಬ್ರಿಟನ್ನಿನವರು 2018ರಲ್ಲಿ ಸುಂಕವನ್ನು ಸಕ್ಕರೆಯ ಪ್ರಮಾಣಕ್ಕೇ ಗಂಟುಹಾಕಿದರು. ಸುಂಕವು ಜಾರಿಗೆ ಬರುವ ಮೊದಲೇ ಹಲವು ತಯಾರಕರು ತಮ್ಮ ಪಾನೀಯಗಳ ಸಕ್ಕರೆಯನ್ನು ತಗ್ಗಿಸಿದರು. ನಮ್ಮ ದೇಶದಲ್ಲಿ 2025ರ ಸೆಪ್ಟೆಂಬರಿನಿಂದ ಸಿಹಿ ಸೋಡಾಗಳಿಗೆ ಶೇಕಡಾ 40ರ ತೆರಿಗೆಯಿದೆ. ಆದರೆ ಸಕ್ಕರೆ ಹೆಚ್ಚಿದ್ದರೂ ಅಷ್ಟೇ, ಕಡಮೆಯಿದ್ದರೂ ಅಷ್ಟೇ. ಹೀಗಿರುವಾಗ ತಯಾರಕನು ಒಂದು ಚಮಚವನ್ನಾದರೂ ಏತಕ್ಕೆ ತಗ್ಗಿಸಿಯಾನು?