‘ಆಯಾಸ’ ಎಂಬ ಮಾತು, ಉಬ್ಬಸ ಎಂಬ ರೋಗ

ಕಲ್ಯಾಣದುರ್ಗದ ಕನ್ನಡ ಮನೆಯ ತಾಯಿಯೊಬ್ಬರು ಮಗನನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಹುಡುಗನಿಗೆ ಹದಿನೈದು ದಿನಗಳಿಂದ ಕೆಮ್ಮು. ವೈದ್ಯರು ತೆಲುಗಿನಲ್ಲಿ ‘ಆಯಾಸಂ ಉಂದಾ?’ ಎಂದು ಕೇಳುತ್ತಾರೆ. ‘ಇಲ್ಲ, ದಿನವಿಡೀ ಆಡುತ್ತಾನೆ’ ಎಂದು ತಾಯಿ ಉತ್ತರಿಸುತ್ತಾರೆ. ಕನ್ನಡದಲ್ಲಿ ಆಯಾಸವೆಂದರೆ ದಣಿವು. ತೆಲುಗಿನ ಆಸ್ಪತ್ರೆಯ ಮಾತಿನಲ್ಲಿ ಅದೇ ಪದಕ್ಕೆ ಏದುಸಿರು ಎಂಬ ಅರ್ಥವಿದೆ. ಕೇಳಿದವರದೂ ತಪ್ಪಿಲ್ಲ, ಹೇಳಿದವರದೂ ತಪ್ಪಿಲ್ಲ. ಆದರೆ ಮಗು ಕೆಮ್ಮಿನ ಸಿರಪ್ಪಿನೊಡನೆ ಮನೆಗೆ ಮರಳುತ್ತದೆ. ರೋಗ ಹಾಗೆಯೇ ಉಳಿಯುತ್ತದೆ. ಗಡಿನಾಡಿನಲ್ಲಿ ಇಂಥ ಪ್ರಸಂಗವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅದೃಷ್ಟವಶಾತ್ ಉಬ್ಬಸ ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ. ಎದೆಯಿಂದ ಬರುವ ಸುಂಯ್‌ಗುಟ್ಟುವ ಸದ್ದಿಗೆ ತೆಲುಗಿನಲ್ಲಿ ‘ಪಿಲ್ಲಿಕೂತಲು’ ಎನ್ನುತ್ತಾರೆ. ಪದ ತಿಳಿಯದಿದ್ದರೂ ಸಂಗತಿಗಳನ್ನು ಹೇಳಿದರೆ ಸಾಕು: ಕೆಮ್ಮು ರಾತ್ರಿ ಅಥವಾ ಬೆಳಗಿನ ಜಾವ ಹೆಚ್ಚುತ್ತದೆಯೇ, ಓಡಿದಾಗ ಅಥವಾ ನಕ್ಕಾಗ ಬರುತ್ತದೆಯೇ, ತಿಂಗಳಿಗೆ ಎಷ್ಟು ರಾತ್ರಿ ನಿದ್ದೆ ಕೆಡುತ್ತದೆ, ಮನೆತನದಲ್ಲಿ ಗೂರಲು, ಇಸುಬು, ಸದಾ ಸೀನುವ ತೊಂದರೆ ಯಾರಿಗಾದರೂ ಇದೆಯೇ. ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಉತ್ತಮ.

ಉಬ್ಬಸವು ಶ್ವಾಸನಾಳಗಳ ಒಳಪದರದಲ್ಲಿ ಸದಾ ಇರುವ ಉರಿಯೂತ. ಧೂಳು, ಹೊಗೆ, ಪರಾಗ, ನೆಗಡಿ, ಇವುಗಳಲ್ಲಿ ಯಾವುದಾದರೊಂದು ತಗುಲಿದಾಗ ನಾಳಗಳು ಬಿಗಿದುಕೊಂಡು, ಕಫ ತುಂಬಿ, ಉಸಿರು ಹೊರಹೋಗುವುದು ಕಷ್ಟವಾಗುತ್ತದೆ. ಮಗು ಆಡಿಕೊಂಡಿರುವ ದಿನವೂ ಒಳಗಿನ ಉರಿಯೂತ ಇದ್ದೇ ಇರುತ್ತದೆ. ಆದ್ದರಿಂದಲೇ ಉಬ್ಬಸವನ್ನು ಗೆಲ್ಲಬೇಕಾದದ್ದು ಎದ್ದು ಕುಳಿತ ರಾತ್ರಿಯಲ್ಲಲ್ಲ, ಚೆನ್ನಾಗಿರುವ ದಿನಗಳಲ್ಲಿ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಆಸ್ಪತ್ರೆಯ ದಾಖಲೆಯಂತೆ ಅಲ್ಲಿಗೆ ಬಂದ ಮಕ್ಕಳಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇ. 9 ಇತ್ತು; 1999ರ ವೇಳೆಗೆ ಅದು ಶೇ. 29.5ಕ್ಕೆ ಏರಿತ್ತು. ಅದು ವಾಹನದಟ್ಟಣೆಯ ನಗರದ ಲೆಕ್ಕ. ಅನಂತಪುರದ ಸೀಮೆಗೆ ತನ್ನದೇ ಆದ ಕಾರಣಗಳಿವೆ. ಮಳೆ ಕಡಿಮೆ, ನೆಲ ಒಣ. ಕಲ್ಯಾಣದುರ್ಗ, ಬೆಳುಗುಪ್ಪ ಕಡೆಯ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಯೇ ಹೊಲದ ಧೂಳನ್ನೂ ಮನೆಯೊಳಕ್ಕೆ ತರುತ್ತದೆ. ಮಳೆ ಬಿದ್ದರೆ ಹಾದಿಬದಿಯಲ್ಲೆಲ್ಲ ಪಾರ್ಥೇನಿಯಂ ಏಳುತ್ತದೆ. ಕನ್ನಡಿಗರು ಕಾಂಗ್ರೆಸ್ ಗಿಡವೆಂದೂ ತೆಲುಗರು ವಯ್ಯಾರಿಭಾಮವೆಂದೂ ಕರೆಯುವ ಈ ಕಳೆಯ ಪರಾಗ ಮೂಗು, ಕಣ್ಣು, ಚರ್ಮ, ಶ್ವಾಸ ಎಲ್ಲವನ್ನೂ ಕೆಣಕುತ್ತದೆ. ಕಡಲೆಕಾಯಿ ಬಿಡಿಸುವ ಕಾಲದಲ್ಲಿ ಕಣದ ಧೂಳು ಮತ್ತು ಬೂಷ್ಟು, ದೀಪಾವಳಿಗೆ ಪಟಾಕಿಯ ಹೊಗೆ, ಯುಗಾದಿಗೆ ಮುನ್ನ ಮನೆ ಕೊಡವಿ ಸುಣ್ಣ ಬಳಿಯುವ ಕೆಲಸ, ಹೀಗೆ ವರ್ಷವಿಡೀ ಒಂದಲ್ಲ ಒಂದು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಹಿಂದೂಪುರದ ಕಡೆ ಗೂಡು, ನೂಲಿನ ಕೆಲಸ ಮಾಡುವ ಮನೆಗಳು ಇನ್ನೊಂದನ್ನು ನೆನಪಿಡಬೇಕು: ರೇಷ್ಮೆಯ ಧೂಳು ಮತ್ತು ಪತಂಗದ ರೆಕ್ಕೆಯ ಹುಡಿಯೂ ಉಬ್ಬಸ ತರಬಲ್ಲವು.

ಇದೆಲ್ಲದರಿಂದ ಮಗುವನ್ನು ಸಂಪೂರ್ಣ ದೂರವಿಡುವುದು ಯಾವ ಮನೆಗೂ ಸಾಧ್ಯವಿಲ್ಲ. ಸಾಧ್ಯವಿರುವುದನ್ನು ಮಾಡಿದರೆ ಸಾಕು. ಕಸ ಗುಡಿಸುವ ಮೊದಲು ನೀರು ಚಿಮುಕಿಸುವುದು, ಅಥವಾ ಒದ್ದೆಬಟ್ಟೆಯಿಂದ ಒರೆಸುವುದು. ಹಾಸಿಗೆ, ದಿಂಬಿನ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು. ಧೂಳು ಹಿಡಿಯುವ ಕಂಬಳಿಯನ್ನು ಮಗುವಿನ ಹಾಸಿಗೆಯಿಂದ ತೆಗೆಯುವುದು. ಸೌದೆ ಒಲೆಯಿದ್ದರೆ ಮಗು ಮಲಗುವ ಕೋಣೆಗೆ ಹೊಗೆ ಬಾರದಂತೆ ನೋಡಿಕೊಳ್ಳುವುದು. ಬೀಡಿ ಸೇದುವ ಹಿರಿಯರು ಹೊರಗೆ ಹೋಗುವುದಕ್ಕಿಂತ ಬಿಡುವುದೇ ಮೇಲು. ಸೊಳ್ಳೆಬತ್ತಿಗೆ ಬದಲು ಸೊಳ್ಳೆಪರದೆ.

ಆಹಾರದ ವಿಷಯದಲ್ಲಿ ಮನೆಗಳು ಅಗತ್ಯಕ್ಕಿಂತ ಹೆಚ್ಚು ಕಟ್ಟುನಿಟ್ಟು. ಬಾಳೆಹಣ್ಣು, ಮೊಸರು, ಹುಳಿ ಎಲ್ಲವನ್ನೂ ನಿಲ್ಲಿಸಿದ ಮಗು ಉಬ್ಬಸದ ಜೊತೆಗೆ ಅಪೌಷ್ಟಿಕತೆಯನ್ನೂ ಅನುಭವಿಸುತ್ತದೆ. ಯಾವುದಾದರೊಂದು ಪದಾರ್ಥ ತಿಂದ ಪ್ರತಿ ಸಲವೂ ತೊಂದರೆ ಕಂಡರೆ ಅದನ್ನು ವೈದ್ಯರಿಗೆ ಹೇಳಿ ನಿಲ್ಲಿಸಬೇಕು. ಅನುಮಾನಕ್ಕೇ ತಟ್ಟೆ ಬರಿದು ಮಾಡಬಾರದು. ಆದರೆ ಕಡಲೆಕಾಯಿಯಂಥದನ್ನು ತಿಂದೊಡನೆ ತುಟಿ ಊದಿ, ಮೈಮೇಲೆ ದದ್ದು ಎದ್ದು, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಔಷಧದ ವಿಷಯದಲ್ಲಿ ಇರುವ ಭಯ ಇನ್ನೂ ದೊಡ್ಡದು. ‘ಪಂಪು ಅಭ್ಯಾಸವಾಗಿಬಿಡುತ್ತದೆ’, ‘ಅದು ಕೊನೆಯ ಔಷಧ’ ಎಂಬ ಮಾತುಗಳನ್ನು ಕೇಳದ ಮನೆಯಿಲ್ಲ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಸಲದ ಪ್ರಮಾಣ 100 ಮೈಕ್ರೋಗ್ರಾಂ. ಅದೇ ಔಷಧದ 2 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ಇಪ್ಪತ್ತು ಪಟ್ಟು ಇರುತ್ತದೆ. ಇನ್‌ಹೇಲರ್ ಔಷಧ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಅಲ್ಪವೇ ಸಾಕಾಗುತ್ತದೆ.

ಇನ್‌ಹೇಲರುಗಳಲ್ಲಿ ಎರಡು ಬಗೆ. ಒಂದು ಬಿಗಿದ ಉಸಿರನ್ನು ತಕ್ಷಣ ಬಿಡಿಸುವುದು. ಇನ್ನೊಂದು, ಬುಡೆಸೊನೈಡಿನಂಥದು, ಉರಿಯೂತವನ್ನು ನಿಧಾನವಾಗಿ ಇಳಿಸುವುದು. ಇದನ್ನು ವೈದ್ಯರು ಹೇಳಿದಷ್ಟು ಕಾಲ, ಮಗು ಚೆನ್ನಾಗಿರುವಾಗಲೂ ಕೊಡಬೇಕು, ಕೊಟ್ಟ ಮೇಲೆ ಬಾಯಿ ಮುಕ್ಕಳಿಸಬೇಕು. ಬಹುಪಾಲು ಮನೆಗಳು ಎಡವುವುದು ಇಲ್ಲಿಯೇ: ಕೆಮ್ಮು ನಿಂತಿತೆಂದು ಎರಡನೆಯದನ್ನು ನಿಲ್ಲಿಸಿ ಮೊದಲನೆಯದನ್ನೇ ನಂಬುವುದು. ಬಣ್ಣ ನೋಡಿ ಗುರುತಿಸದೆ ಹೆಸರು ಓದಿ ಗುರುತಿಸಬೇಕು.

ಮಕ್ಕಳಿಗೆ ಸ್ಪೇಸರ್ ಎಂಬ ಕೊಳವೆ ಬೇಕು. ಅದು ದೊರೆಯದ ಕಡೆ 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್ ಬಿಗಿಯಾಗಿ ಕೂರುವಂತೆ ರಂಧ್ರ ಮಾಡಿಯೂ ಬಳಸಬಹುದೆಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ತೋರಿಸಿದ್ದಾರೆ. ಮಾಡುವ ಕ್ರಮವನ್ನು ವೈದ್ಯರಿಂದ ಕಲಿಯಬೇಕು.

ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೇ ಮೃಗಶಿರ ಮಳೆಯೂ ಹೈದರಾಬಾದಿನ ಮೀನಿನ ಪ್ರಸಾದವೂ ಬರುತ್ತವೆ. ನಂಬಿಕೆಯಿಂದ ಹೋಗುವವರು ಹೋಗಲಿ. ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಬಾರದು, ಏಕೆಂದರೆ ಅದರಿಂದ ಉಬ್ಬಸ ಗುಣವಾಗುತ್ತದೆಂದು ವೈಜ್ಞಾನಿಕ ಪರೀಕ್ಷೆಯಲ್ಲಿ ಸಿದ್ಧವಾಗಿಲ್ಲ. ‘ಶಾಶ್ವತ ಪರಿಹಾರ’ದ ಜಾಹೀರಾತುಗಳ ಬಗೆಗೂ ಎಚ್ಚರ ಬೇಕು. 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಔಷಧಗಳು ಹೇಳಿಕೊಳ್ಳಬಾರದ ರೋಗಗಳ ನಡುವೆ ಉಬ್ಬಸವೂ ಇದೆ.

ಶಾಲೆಗೂ ಪಾಲುಂಟು. ಮುಖ್ಯೋಪಾಧ್ಯಾಯರ ಕೈಗೆ ಒಂದು ಹಾಳೆ ಕೊಡಬೇಕು: ಮಗುವಿನ ಹೆಸರು, ಔಷಧದ ಹೆಸರು, ಎಷ್ಟು ಸಲ ಕೊಡಬೇಕೆಂಬ ವೈದ್ಯರ ಬರಹ, ಪೋಷಕರ ದೂರವಾಣಿ. ಕಪ್ಪುಹಲಗೆ ಒರೆಸುವ, ತರಗತಿ ಗುಡಿಸುವ ಕೆಲಸ ಆ ಮಗುವಿಗೆ ಬೇಡ. ಆಟ ಮಾತ್ರ ಬೇಕೇ ಬೇಕು. ಇನ್‌ಹೇಲರ್ ಚೀಲದಲ್ಲಿರಲಿ, ನಾಚಿಕೆಯ ವಸ್ತುವಾಗದಿರಲಿ.

ಮಗು ಪೂರ್ತಿ ವಾಕ್ಯ ಆಡಲಾರದೆ ಹೋದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆದರೆ, ತುಟಿ ನೀಲಿಯಾದರೆ, ಅಥವಾ ಸುಂಯ್‌ಗುಟ್ಟುತ್ತಿದ್ದ ಎದೆ ಇದ್ದಕ್ಕಿದ್ದಂತೆ ಮೌನವಾದರೆ ಕಾಯುವ ಸಮಯವಲ್ಲ. ಮಲಗಿಸದೆ ನೆಟ್ಟಗೆ ಕೂರಿಸಿ, ಉಸಿರು ಬಿಡಿಸುವ ಇನ್‌ಹೇಲರನ್ನು ಸ್ಪೇಸರಿನೊಡನೆ ಒಂದೊಂದಾಗಿ ಕೊಡುತ್ತ, 108ಕ್ಕೆ ಕರೆ ಮಾಡಬೇಕು. ಅಲ್ಲಿ ‘ಆಯಾಸಂ ಉಂದಾ?’ ಎಂದು ಕೇಳಿದರೆ, ಏದುಸಿರು ಬಿಡುತ್ತಿರುವ ಮಗುವಿನ ಪರವಾಗಿ ಹೇಳಬೇಕಾದ ಉತ್ತರ ‘ಉಂದಿ’ ಎಂಬುದೇ.