ಜೋಡಿ ಆಸನದ ಚರಿತ್ರೆ: ರೋಲರ್ ಕೋಸ್ಟರ್ ಮತ್ತು ಗಂಡ–ಹೆಂಡಿರ ಒಂದು ದಿನ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ದಕ್ಷಿಣ ತುದಿಯಲ್ಲಿ, ಅಟ್ಲಾಂಟಿಕ್ ಸಾಗರದ ದಡದಲ್ಲಿರುವ ಕೋನಿ ಐಲ್ಯಾಂಡಿನಲ್ಲಿ 1927ರ ಜೂನ್ 26ರಂದು ಆರಂಭವಾದ ‘ಸೈಕ್ಲೋನ್’ ಎಂಬ ರೋಲರ್ ಕೋಸ್ಟರ್ ಇಂದಿಗೂ ಓಡುತ್ತಿದೆ. ಉಕ್ಕಿನ ಚೌಕಟ್ಟಿನ ಮೇಲೆ ಮರದ ಹಾಸನ್ನು ಜೋಡಿಸಿ ಕಟ್ಟಿದ ಅದರ ದಾರಿಯ ಅತಿ ಎತ್ತರದ ಬಿಂದು 85 ಅಡಿ, ಅಂದರೆ ಸುಮಾರು 26 ಮೀಟರ್. ಅಲ್ಲಿಂದ ಕೆಳಗಿಳಿಯುವ ಬಂಡಿಗಳ ವೇಗ ಗಂಟೆಗೆ ಸುಮಾರು 96 ಕಿಲೋಮೀಟರ್ ಮುಟ್ಟುತ್ತದೆ. ಈಚಿನ ಉಕ್ಕಿನ ಕೋಸ್ಟರುಗಳ ಮುಂದೆ ಈ ಅಂಕಿಗಳು ದೊಡ್ಡವಲ್ಲ. ಆದರೂ ರೋಲರ್ ಕೋಸ್ಟರಿನ ಚರಿತ್ರೆಯನ್ನು ಪ್ರೇಮಿಗಳ ಹಾಗೂ ದಂಪತಿಗಳ ಕಡೆಯಿಂದ ಓದಬಯಸುವವರು ಮೊದಲು ನೋಡಬೇಕಾದದ್ದು ಸೈಕ್ಲೋನಿನ ಎತ್ತರವನ್ನಲ್ಲ, ಅದರ ಆಸನವನ್ನು.

ಒಂದು ಸರಣಿಯಲ್ಲಿ ಮೂರು ಬಂಡಿಗಳು, ಒಂದೊಂದರಲ್ಲಿ ನಾಲ್ಕು ಸಾಲು ಬೆಂಚು, ಒಂದೊಂದು ಬೆಂಚಿಗೆ ಇಬ್ಬರಂತೆ ಒಟ್ಟು 24 ಮಂದಿ ಅದರಲ್ಲಿ ಕೂರುತ್ತಾರೆ. ಇಬ್ಬರ ನಡುವೆ ತಡೆಯೇನೂ ಇಲ್ಲ. ಇಬ್ಬರ ತೊಡೆಗಳ ಮೇಲೂ ಅಡ್ಡಲಾಗಿ ಬಂದು ಕೂರುವುದು ಒಂದೇ ಸರಳು. ಹಾಗಾಗಿ ಇಬ್ಬರಲ್ಲಿ ದಪ್ಪಗಿರುವವರ ತೊಡೆಗೆ ತಾಗಿದೊಡನೆ ಆ ಸರಳು ನಿಲ್ಲುತ್ತದೆ, ತೆಳ್ಳಗಿರುವವರ ಮಡಿಲ ಮೇಲೆ ಒಂದಿಷ್ಟು ಜಾಗ ಖಾಲಿ ಉಳಿಯುತ್ತದೆ, ಬಂಡಿ ತಿರುವಿಗೆ ಬಂದಾಗ ಆ ಖಾಲಿ ಜಾಗವೇ ಅವರನ್ನು ಪಕ್ಕದವರ ಮೈಮೇಲೆ ಸರಿಸುತ್ತದೆ. ಬಂಡಿ ಎಡಕ್ಕೆ ಹೊರಳಿದಾಗ ಕುಳಿತವರ ದೇಹ ತಾನು ಸಾಗುತ್ತಿದ್ದ ದಿಕ್ಕಿನಲ್ಲೇ ಮುಂದುವರಿಯಬಯಸುವುದರಿಂದ ಎಡಬದಿಯವರು ಬಲಬದಿಯವರತ್ತ ಜಾರುತ್ತಾರೆ. ಬಲಕ್ಕೆ ಹೊರಳಿದಾಗ ಇದು ತಿರುಗುಮುರುಗಾಗುತ್ತದೆ. ಎರಡು ನಿಮಿಷಕ್ಕೂ ಕಡಿಮೆಯ ಸವಾರಿಯಲ್ಲಿ ಇಬ್ಬರೂ ಸರದಿಯಂತೆ ಒಬ್ಬರ ಭಾರವನ್ನು ಇನ್ನೊಬ್ಬರು ಹೊರುತ್ತಾರೆ. ಈ ಯಂತ್ರದ ಚರಿತ್ರೆಯೆಂದರೆ ಬಹುಮಟ್ಟಿಗೆ ಇಬ್ಬರನ್ನು ಹತ್ತಿರ ತಂದ ಬೆಂಚು ಹೇಗೆ ಹುಟ್ಟಿತು, ಆಮೇಲೆ ಹೇಗೆ ಎರಡಾಗಿ ಒಡೆಯಿತು ಎಂಬುದರ ಚರಿತ್ರೆ.

ಕೋನಿ ಐಲ್ಯಾಂಡಿನಲ್ಲಿ ಇಂಥ ಸವಾರಿಯನ್ನು ಮೊದಲು ತಂದವರು ಲಾಮಾರ್ಕಸ್ ಥಾಂಪ್ಸನ್. 1884ರಲ್ಲಿ ಅವರು ತೆರೆದ ‘ಸ್ವಿಚ್‌ಬ್ಯಾಕ್ ರೈಲ್ವೆ’ಯಲ್ಲಿ ಬಂಡಿಯ ವೇಗ ಗಂಟೆಗೆ ಹತ್ತು ಕಿಲೋಮೀಟರಿನಷ್ಟು ಮಾತ್ರವಿತ್ತು, ಶುಲ್ಕ ಐದು ಸೆಂಟ್ ಇತ್ತು, ಜನ ಬೆಂಚಿನ ಮೇಲೆ ಪಕ್ಕಕ್ಕೆ ಮುಖಮಾಡಿ ಕುಳಿತು ಕಡಲನ್ನು ನೋಡುತ್ತ ಸಾಗುತ್ತಿದ್ದರು. ದೈವಭಕ್ತರಾಗಿದ್ದ ಥಾಂಪ್ಸನ್ನರಿಗೆ ಹೆಂಡದಂಗಡಿಗಳಿಗೆ ಬದಲಾಗಿ ಯುವಜನರಿಗೊಂದು ಸಭ್ಯ ವಿನೋದವನ್ನು ಒದಗಿಸಬೇಕೆಂಬ ಆಸೆಯಿತ್ತು. ಮುಂದೆ ಅವರೇ ಕಟ್ಟಿಸಿದ ‘ಸೀನಿಕ್ ರೈಲ್ವೆ’ಗಳಲ್ಲಿ ಬಂಡಿ ಕತ್ತಲ ಸುರಂಗಗಳನ್ನು ಹೊಕ್ಕು, ದೀಪ ಬೆಳಗಿದ ಚಿತ್ರದೃಶ್ಯಗಳ ನಡುವೆ ಹಾದುಹೋಗುತ್ತಿತ್ತು. ಚಿತ್ರಗಳ ಸೊಗಸಿಗಾಗಿ ಬಂದವರೂ ಇದ್ದಿರಬಹುದು. ಆದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಕತ್ತಲೆಯೂ ಆ ಸವಾರಿಯ ಆಕರ್ಷಣೆಯ ಪಾಲಾಗಿತ್ತೆಂದು ತಿಳಿಯುವುದೇ ನ್ಯಾಯ.

ಆ ಕಾಲದ ನ್ಯೂಯಾರ್ಕಿನ ದುಡಿಯುವ ವರ್ಗದ ಮನೆಗಳನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು ಒಟ್ಟಿಗೆ ಮಲಗುತ್ತಿದ್ದರು. ಹರೆಯದ ಹುಡುಗ ಹುಡುಗಿಯರು ಕುಳಿತು ಮಾತಾಡಲು ಮನೆಯಲ್ಲಿ ಒಂದು ಮೂಲೆಯೂ ಇರಲಿಲ್ಲ. ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯತೊಡಗಿದ್ದ ಹೆಣ್ಣುಮಕ್ಕಳು ತಮ್ಮ ಬಿಡುವಿನ ಹೊತ್ತನ್ನು ಎಲ್ಲಿ, ಹೇಗೆ ಕಳೆಯುತ್ತಿದ್ದರೆಂಬುದನ್ನು ಶೋಧಿಸಿದ ಇತಿಹಾಸಕಾರ್ತಿ ಕ್ಯಾಥಿ ಪೈಸ್, 1986ರ ತಮ್ಮ ಗ್ರಂಥದಲ್ಲಿ ನೃತ್ಯಶಾಲೆಗಳ ಜೊತೆಗೆ ಕೋನಿ ಐಲ್ಯಾಂಡಿಗೂ ದೊಡ್ಡ ಸ್ಥಾನ ಕೊಟ್ಟಿದ್ದಾರೆ. ಹಿರಿಯರ ಕಣ್ಗಾವಲಿನಿಂದ ದೂರವಾದ, ಆದರೆ ಸಾವಿರಾರು ಜನರ ನಡುವಿನದೇ ಆದ್ದರಿಂದ ಸುರಕ್ಷಿತವಾದ ಒಂದು ಜಾಗ ಅವರಿಗೆ ಅಲ್ಲಿ ದೊರಕಿತು.

ಈ ಅಗತ್ಯವನ್ನು ಚೆನ್ನಾಗಿ ಅರಿತವರೆಂದರೆ 1897ರಲ್ಲಿ ‘ಸ್ಟೀಪಲ್‌ಚೇಸ್ ಪಾರ್ಕ್’ ತೆರೆದ ಜಾರ್ಜ್ ಟಿಲ್ಯೂ. ಅವರ ಉದ್ಯಾನದ ಮುಖ್ಯ ಆಟದಲ್ಲಿ ಮರದ ಕುದುರೆಗಳು ಏರಿಳಿತದ ಹಳಿಗಳ ಮೇಲೆ ಪಂದ್ಯ ಓಡುತ್ತಿದ್ದವು; ಒಂದು ಕುದುರೆಯ ಮೇಲೆ ಇಬ್ಬರು ಕೂರಬಹುದಿತ್ತು, ಹಿಂದೆ ಕುಳಿತವರು ಬೀಳದಿರಬೇಕಾದರೆ ಮುಂದಿನವರನ್ನು ತಬ್ಬಿ ಹಿಡಿಯಲೇಬೇಕಿತ್ತು. ಇನ್ನೊಂದೆಡೆ, ಮಲಗಿಸಿಟ್ಟ ದೊಡ್ಡ ಪೀಪಾಯಿಯೊಂದು ನಿಧಾನವಾಗಿ ಉರುಳುತ್ತಿದ್ದು, ಅದರೊಳಗೆ ನಡೆದು ದಾಟಬಯಸಿದವರು ಕಾಲು ತಪ್ಪಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಸಭ್ಯತೆಯ ಕಟ್ಟುಪಾಡುಗಳು ಬಿಗಿಯಾಗಿದ್ದ ಸಮಾಜದಲ್ಲಿ, ಬೀದಿಯಲ್ಲಿ ಕೈಹಿಡಿದರೂ ತಪ್ಪಾಗಿ ಕಾಣುತ್ತಿದ್ದ ಜೋಡಿಗಳಿಗೆ, ಬೀಳುವ ಭಯವೆಂಬುದು ಯಾರೂ ಆಕ್ಷೇಪಿಸಲಾರದ ಒಂದು ನೆಪವಾಯಿತು. ಉದ್ಯಾನದವರು ಮಾರುತ್ತಿದ್ದದ್ದು ವೇಗವನ್ನು ಮಾತ್ರವಲ್ಲ, ಆ ಅನುಮತಿಯನ್ನೂ ಹೌದು. 1920ರಲ್ಲಿ ನಗರದ ಮೆಟ್ರೊ ರೈಲು ಅಲ್ಲಿಯವರೆಗೆ ಬಂದು, ಐದು ಸೆಂಟಿಗೆ ಯಾರು ಬೇಕಾದರೂ ಕಡಲ ದಡ ತಲುಪಬಹುದಾದಾಗ ಆ ಅನುಮತಿ ಬಡವರ ಕೈಗೂ ಎಟುಕಿತು.

ಈ ಭಯವನ್ನು ಯಂತ್ರ ಹುಟ್ಟಿಸುವ ಬಗೆಯೂ ವಿವರಿಸತಕ್ಕದ್ದೇ. ಸಾಂಪ್ರದಾಯಿಕ ರೋಲರ್ ಕೋಸ್ಟರಿನ ಬಂಡಿಗಳಿಗೆ ಎಂಜಿನ್ ಇರುವುದಿಲ್ಲ. ಚೈನೊಂದು ಅವನ್ನು ಮೊದಲ ಏರಿನ ತುದಿಗೆ ಎಳೆದೊಯ್ದು ಬಿಟ್ಟುಬಿಡುತ್ತದೆ, ಎತ್ತರದಲ್ಲಿ ಕೂಡಿಟ್ಟ ಶಕ್ತಿಯೇ ಇಳಿಜಾರಿನಲ್ಲಿ ವೇಗವಾಗಿ ಮಾರ್ಪಟ್ಟು ಮುಂದಿನ ಎಲ್ಲ ಏರಿಳಿತಗಳನ್ನೂ ದಾಟಿಸುತ್ತದೆ. ಏರುವಾಗ ಕೇಳುವ ಟಕ್ ಟಕ್ ಸದ್ದು ಚೈನಿನದ್ದಲ್ಲ. ಚೈನು ತುಂಡಾದರೂ ಬಂಡಿ ಹಿಂದಕ್ಕೆ ಉರುಳದಂತೆ ಹಳಿಯ ನಡುವಿನ ಹಲ್ಲುಪಟ್ಟಿಗೆ ಒಂದೊಂದಾಗಿ ಸಿಕ್ಕಿಕೊಳ್ಳುವ ಕೊಕ್ಕೆಯದ್ದು. ಹತ್ತುವವರ ಎದೆ ಹೊಡೆದುಕೊಳ್ಳುವಂತೆ ಮಾಡುವ ಆ ಸದ್ದು ವಾಸ್ತವವಾಗಿ ಅವರನ್ನು ಕಾಯುವ ಸಾಧನದ ಸದ್ದು. ತುದಿಯಿಂದ ಬಂಡಿ ಧುಮುಕಿದಾಗ ಆಸನವೂ ದೇಹವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೀಳುವುದರಿಂದ ಆಸನ ದೇಹವನ್ನು ಮೇಲಕ್ಕೆ ಒತ್ತುವುದು ನಿಲ್ಲುತ್ತದೆ, ಹೊಟ್ಟೆಯೊಳಗಿನ ಅಂಗಗಳ ಮೇಲೆ ಸದಾ ಇರುತ್ತಿದ್ದ ಒತ್ತಡವೂ ಆ ಕ್ಷಣ ಸಡಿಲವಾಗುತ್ತದೆ. ಕರುಳು ಬಾಯಿಗೆ ಬಂದಂತಾಗುವುದು ಇದರಿಂದಲೇ. ಹೀಗೆ ಮೇಲೇಳಬಯಸುವ ಬಂಡಿಯನ್ನು ಹಳಿಗೆ ಹಿಡಿದಿಡಲು ಹಳಿಯ ಅಡಿಯಲ್ಲೂ ಒಂದು ಚಕ್ರವಿರಬೇಕೆಂದು ಜಾನ್ ಮಿಲ್ಲರ್ 1919ರಲ್ಲಿ ಪೇಟೆಂಟ್ ಪಡೆದದ್ದರಿಂದಲೇ ಸೈಕ್ಲೋನಿನಂಥ ಕಡಿದಾದ ಇಳಿಜಾರುಗಳು ಸಾಧ್ಯವಾದವು.

ತಲೆಕೆಳಗಾಗುವ ಸುರುಳಿಯ ಕಥೆ ಬೇರೆ. 1895ರಲ್ಲಿ ಕೋನಿ ಐಲ್ಯಾಂಡಿನಲ್ಲೇ ಅದನ್ನು ಪ್ರಯತ್ನಿಸಲಾಗಿತ್ತಾದರೂ, ಸುರುಳಿ ಪೂರ್ಣ ವೃತ್ತಾಕಾರದ್ದಾಗಿದ್ದು ಬಂಡಿ ಅದನ್ನು ಹೊಗುವ ಕ್ಷಣದಲ್ಲಿ ಸವಾರರ ಕುತ್ತಿಗೆಯ ಮೇಲೆ ವಿಪರೀತ ಹೊರೆ ಬೀಳುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಉದ್ಯಾನದಲ್ಲಿ ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್ ಮತ್ತು ವರ್ನರ್ ಸ್ಟೆಂಗಲ್ ಅವರು ನೀರಹನಿಯ ಆಕಾರದ, ಅಂದರೆ ಬುಡದಲ್ಲಿ ಅಗಲವಾಗಿ ಬಾಗಿ ಮೇಲೆ ಹೋದಂತೆ ಬಿಗಿಯಾಗುವ ಸುರುಳಿಯನ್ನು ರೂಪಿಸಿ ಆ ತೊಡಕನ್ನು ಬಿಡಿಸಿದರು. ಅಲ್ಲಿಂದಾಚೆಗೆ ಹಳಿಗಳು ತಿರುಚಿಕೊಂಡವು, ತಲೆಕೆಳಗಾದವು, ಇಬ್ಬರಿಗೊಂದೇ ಸರಳು ಸಾಲದಾಯಿತು. ಹೆಗಲ ಮೇಲಿನಿಂದ ಇಳಿದು ಎದೆಯನ್ನು ಬಿಗಿಹಿಡಿಯುವ ಕವಚ, ಒಬ್ಬೊಬ್ಬರಿಗೂ ಅಚ್ಚುಹೊಯ್ದಂಥ ಪ್ರತ್ಯೇಕ ಆಸನ, ನಡುವೆ ಗಟ್ಟಿಯಾದ ತಡೆ ಬಂದವು. ಈ ಬದಲಾವಣೆ ಜೀವ ಕಾಯುವಂಥದ್ದು, ಅದನ್ನು ಯಾರೂ ಹಳಿಯುವಂತಿಲ್ಲ. ಆದರೆ ಅದರೊಂದಿಗೆ ಪಕ್ಕದವರ ಭಾರ ಹೊರುವ ಆ ಅನುಭವ ಇಲ್ಲವಾಯಿತು. ಇಂದಿನ ದೊಡ್ಡ ಕೋಸ್ಟರುಗಳಲ್ಲಿ ಗಂಡ–ಹೆಂಡಿರು ಅಕ್ಕಪಕ್ಕದಲ್ಲಿದ್ದರೂ ಬೇರೆ ಬೇರೆಯಾಗಿ ಬೀಳುತ್ತಾರೆ, ಕೈಚಾಚಿದರೆ ಬೆರಳುಗಳಷ್ಟೇ ಎಟುಕುತ್ತವೆ.

ಭಯವು ಇಬ್ಬರನ್ನು ಹತ್ತಿರ ತರುತ್ತದೆಂಬ ನಂಬಿಕೆಯನ್ನು ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿದ್ದಾರೆ. 1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅವರು ಕೆನಡಾದ ಕ್ಯಾಪಿಲಾನೊ ತೂಗುಸೇತುವೆಯಲ್ಲಿ ನಡೆಸಿದ ಪ್ರಯೋಗದ ಪ್ರಕಾರ, ಅಲುಗಾಡುವ ಎತ್ತರದ ಸೇತುವೆಯ ಮೇಲೆ ಪ್ರಶ್ನೆ ಕೇಳಿದ ತರುಣಿಗೆ ಆಮೇಲೆ ಫೋನ್ ಮಾಡಿದ ಗಂಡಸರ ಪ್ರಮಾಣ, ತಗ್ಗಿನ ಗಟ್ಟಿ ಸೇತುವೆಯ ಮೇಲೆ ಆಕೆಯನ್ನು ಕಂಡವರ ಪ್ರಮಾಣಕ್ಕಿಂತ ಹೆಚ್ಚಿತ್ತು. ಭಯದಿಂದ ಎದೆಬಡಿತ ಏರಿದ ದೇಹ ಆ ಏರುಪೇರಿನ ಕಾರಣವನ್ನು ಎದುರಿಗಿರುವ ವ್ಯಕ್ತಿಗೆ ಆರೋಪಿಸುತ್ತದೆಂಬುದು ಅವರ ವಿವರಣೆ. 2003ರಲ್ಲಿ ಸಿಂಡಿ ಮೆಸ್ಟನ್ ಮತ್ತು ಪೆನ್ನಿ ಫ್ರಾಲಿಕ್ ಅವರು ಇದನ್ನೇ ಟೆಕ್ಸಾಸಿನ ರೋಲರ್ ಕೋಸ್ಟರುಗಳ ಬಳಿ ಪರಿಶೀಲಿಸಿ, ಹತ್ತುವ ಮೊದಲು ಇಲ್ಲವೇ ಇಳಿದ ಕೂಡಲೇ ಜನರಿಗೆ ಅಪರಿಚಿತರೊಬ್ಬರ ಭಾವಚಿತ್ರ ತೋರಿಸಿ, ಆ ಮುಖ ಎಷ್ಟು ಆಕರ್ಷಕವೆಂದು ಕೇಳಿದರು. ಗೆಳೆಯರೊಂದಿಗೋ ಇತರರೊಂದಿಗೋ ಸವಾರಿ ಮಾಡಿದವರಲ್ಲಿ ಇಳಿದವರು ಹೆಚ್ಚು ಅಂಕ ಕೊಟ್ಟರು. ಆದರೆ ಪ್ರೇಮಿಯೊಂದಿಗೋ ಬಾಳಸಂಗಾತಿಯೊಂದಿಗೋ ಕುಳಿತವರಲ್ಲಿ ಹತ್ತುವ ಮೊದಲಿಗೂ ಇಳಿದ ಮೇಲಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜನಪ್ರಿಯ ಬರಹಗಳು ಈ ಎರಡನೆಯ ಅರ್ಧವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ, ಅದು ಬಿಡಬಾರದ ಮಾತು.

ಹಾಗಾದರೆ ಆಗಲೇ ಮದುವೆಯಾಗಿರುವ ಇಬ್ಬರಿಗೆ ಇಂಥ ದಿನದಿಂದ ದಕ್ಕುವುದೇನು? ಇದಕ್ಕೆ ಉತ್ತರ ಆರನ್ ಮತ್ತು ಸಂಗಡಿಗರ 2000ದ ಅಧ್ಯಯನದಲ್ಲಿ ಹೆಚ್ಚು ಸಿಗುತ್ತದೆ. ಅದರಲ್ಲಿ ದಂಪತಿಗಳ ಮಣಿಕಟ್ಟು ಮತ್ತು ಕಾಲ್ಗಿಣ್ಣುಗಳನ್ನು ಒಟ್ಟಿಗೆ ಕಟ್ಟಿ, ನೆಲಕ್ಕೆ ಹಾಸಿದ ಚಾಪೆಯ ಮೇಲೆ ಅಂಬೆಗಾಲಿಡುತ್ತ ಅಡ್ಡತಡೆಯೊಂದನ್ನು ದಾಟಿ, ಕೈಯಾಗಲಿ ಹಲ್ಲಾಗಲಿ ಬಳಸದೆ ಇಬ್ಬರ ಮೈಗಳ ನಡುವೆ ಒಂದು ದಿಂಬನ್ನು ಹಿಡಿದು ಸಾಗಿಸುವಂತೆ ಹೇಳಲಾಗಿತ್ತು. ಏಳು ನಿಮಿಷದ ಈ ವಿಚಿತ್ರ ಕೆಲಸ ಮಾಡಿದವರು, ನೀರಸ ಕೆಲಸ ಮಾಡಿದವರಿಗಿಂತ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಸೂಚಿಸಿದರು. ಇಲ್ಲಿ ಸತ್ತ್ವವಿರುವುದು ಭಯದಲ್ಲಿ ಅಲ್ಲ, ಇಬ್ಬರಿಗೂ ಹೊಸದಾದ ಒಂದನ್ನು ಒಟ್ಟಿಗೆ ಮಾಡುವುದರಲ್ಲಿ.

ಈ ಬೆಳಕಿನಲ್ಲಿ ಥೀಮ್ ಪಾರ್ಕಿನ ದಿನವನ್ನು ನೋಡಿದರೆ ಅದರ ತೂಕ ಸವಾರಿಯಿಂದ ಸಾಲಿನ ಕಡೆಗೆ ವಾಲುತ್ತದೆ. ರಜಾದಿನದಲ್ಲಿ ಒಂದೆರಡು ನಿಮಿಷದ ರೈಡಿಗೆ ಗಂಟೆಗಟ್ಟಲೆ ಕಾಯುವುದುಂಟು. ಕಾಯುವಿಕೆಯ ಮನಶ್ಶಾಸ್ತ್ರವನ್ನು ಕುರಿತು 1985ರಲ್ಲಿ ಬರೆದ ಡೇವಿಡ್ ಮೈಸ್ಟರ್, ಕೆಲಸವಿಲ್ಲದೆ ಕಳೆದ ಹೊತ್ತು ಉದ್ದವೆನಿಸುತ್ತದೆ, ಒಬ್ಬರೇ ಕಾಯುವುದು ಜೊತೆಯಲ್ಲಿ ಕಾಯುವುದಕ್ಕಿಂತ ದೀರ್ಘವೆನಿಸುತ್ತದೆ ಎಂದು ಗುರುತಿಸಿದ್ದರು. ಮಕ್ಕಳ ಶಾಲೆ, ಕಚೇರಿ, ಅಡುಗೆಮನೆಗಳ ನಡುವೆ ದಿನಕ್ಕೆ ಹತ್ತು ಮಾತನ್ನೂ ನೆಮ್ಮದಿಯಾಗಿ ಆಡದ ದಂಪತಿಗಳಿಗೆ, ಮೊಬೈಲನ್ನು ಲಾಕರಿನಲ್ಲಿಟ್ಟು ಕಂಬಿಗಳ ನಡುವೆ ನಿಲ್ಲುವ ಆ ಹೊತ್ತು ನಿಜಕ್ಕೂ ಬಿಡುವಿನ ಹೊತ್ತು. ಇಳಿಜಾರಿನಲ್ಲಿ ತೆಗೆದ ಫೋಟೊವನ್ನು ಹೊರಬಾಗಿಲಿನ ಪರದೆಯಲ್ಲಿ ತೋರಿಸುವ ಪದ್ಧತಿಯೂ ಇದಕ್ಕೆ ಪೂರಕ: ಬೀಳುವಾಗ ಕಣ್ಣುಮುಚ್ಚಿದ್ದವರು ಪಕ್ಕದವರ ಮುಖವನ್ನು ಅಲ್ಲಿ ಮೊದಲ ಸಲ ನೋಡುತ್ತಾರೆ.

ಕನ್ನಡ ನಾಡಿನ ಮಟ್ಟಿಗೆ ಕೋನಿ ಐಲ್ಯಾಂಡಿನ ಪಾತ್ರವನ್ನು ಬಹುಕಾಲ ನಿರ್ವಹಿಸಿದ್ದು ಜಾತ್ರೆಯ ತೊಟ್ಟಿಲು ಮತ್ತು ಮೈಸೂರಿನ ದಸರಾ ವಸ್ತುಪ್ರದರ್ಶನದ ಜಯಂಟ್ ವ್ಹೀಲು. ಹೊಸದಾಗಿ ಮದುವೆಯಾದವರು ಮನೆಮಂದಿಯೊಂದಿಗೇ ಬಂದರೂ, ಆ ತೊಟ್ಟಿಲಲ್ಲಿ ಕೆಲವು ಸುತ್ತು ತಾವಿಬ್ಬರೇ ಇರಬಹುದಿತ್ತು. 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯ ಬಳಿ ವಂಡರ್‌ಲಾ ತೆರೆದ ಮೇಲೆ, ಮುಂದಕ್ಕೆ ಸಾಗಿದ ಸುರುಳಿಯನ್ನೇ ಮತ್ತೆ ಹಿಂಬದಿಯಾಗಿ ದಾಟುವ ‘ರಿಕಾಯ್ಲ್’ನಂಥ ಕೋಸ್ಟರು, ನೀರಿನಾಟಗಳು, ಅಲೆಯ ಕೊಳ ಎಲ್ಲವೂ ದಿನದೊಳಗೆ ಹೋಗಿಬರುವ ದೂರಕ್ಕೆ ಬಂದವು. ಹೆಂಗಸರೂ ಗಂಡಸರೂ ಒಟ್ಟಿಗೆ ನೀರಿಗಿಳಿದು, ಗದ್ದಲವೆಬ್ಬಿಸಿ ನಗಬಹುದಾದ ಸ್ಥಳಗಳು ನಮ್ಮ ಊರುಗಳಲ್ಲಿ ಎಷ್ಟು ಕಡಿಮೆಯೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೆ ಟಿಕೆಟಿನ ದರ ಕೂಲಿಕಾರರ ಒಂದು ದಿನದ ಸಂಬಳವನ್ನು ಮೀರುತ್ತದೆ. ಐದು ಸೆಂಟಿನ ರೈಲು ಕೋನಿ ಐಲ್ಯಾಂಡಿಗೆ ಕರೆತಂದಂಥ ಜನ ಇಲ್ಲಿ ಗೇಟಿನ ಹೊರಗೇ ಉಳಿಯುತ್ತಾರೆ. ಇದು ಸಣ್ಣ ಕೊರತೆಯಲ್ಲ. ಜಾತ್ರೆಯ ತೊಟ್ಟಿಲು ಇಂದಿಗೂ ತಿರುಗುತ್ತಿರಬೇಕಾದದ್ದು ಈ ಕಾರಣಕ್ಕೇ.

ಇನ್ನು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಧೈರ್ಯವಿರುವ ಸಂದರ್ಭ, ಅದು ಅಪರೂಪವೇನಲ್ಲ. ಗರ್ಭಿಣಿಯರು, ಹೃದಯದ ತೊಂದರೆಯಿರುವವರು, ಕುತ್ತಿಗೆ ಅಥವಾ ಬೆನ್ನುನೋವಿನವರು ದೊಡ್ಡ ಕೋಸ್ಟರುಗಳನ್ನು ಹತ್ತಕೂಡದು. ಆ ವಿಷಯದಲ್ಲಿ ಒತ್ತಾಯಕ್ಕೆ ಜಾಗವೇ ಇಲ್ಲ. ಬರಿಯ ಅಂಜಿಕೆಯಾದರೆ ಆಸನದ ಆಯ್ಕೆ ನೆರವಿಗೆ ಬರುತ್ತದೆ. ಸರಣಿಯ ಮೊದಲ ಸಾಲಿನಲ್ಲಿ ಕುಳಿತವರು, ಹಿಂದಿನ ಬಂಡಿಗಳು ಇನ್ನೂ ಏರುತ್ತಿರುವುದರಿಂದ, ಇಳಿಜಾರಿನ ತುದಿಯಲ್ಲಿ ಒಂದು ಕ್ಷಣ ಕೆಳಗಿನ ಪಾತಾಳವನ್ನು ನೋಡುತ್ತ ತಡೆದು ನಿಲ್ಲಬೇಕಾಗುತ್ತದೆ. ಕೊನೆಯ ಸಾಲಿನವರನ್ನು, ಆಗಲೇ ಇಳಿಯತೊಡಗಿದ ಮುಂದಿನ ಬಂಡಿಗಳ ಭಾರ ತುದಿಯಾಚೆಗೆ ಜೋರಾಗಿ ಎಳೆದುಕೊಳ್ಳುತ್ತದೆ, ಆಸನದಿಂದ ಮೈ ಎದ್ದುಬರುವಂತಾಗುವುದು ಅಲ್ಲಿಯೇ ಹೆಚ್ಚು. ಈ ಎರಡು ಸೆಳೆತಗಳೂ ತಕ್ಕಮಟ್ಟಿಗೆ ತಗ್ಗಿರುವುದು ನಡುವಿನ ಸಾಲುಗಳಲ್ಲಿ. ಒಬ್ಬರಿಗೆ ಹತ್ತುವ ಆಸೆ, ಇನ್ನೊಬ್ಬರಿಗೆ ಅಳುಕು ಎಂಬಂಥ ಜೋಡಿಗಳು ಮೊದಲ ಸಲ ಕೇಳಿ ಪಡೆಯಬೇಕಾದ ಜಾಗ ಅದು. ಹೆಚ್ಚಿನ ಜನ ಮುಂದಿನ ಅಥವಾ ಹಿಂದಿನ ಆಸನಕ್ಕೇ ಮುಗಿಬೀಳುವುದರಿಂದ ಅಲ್ಲಿ ಸಾಲೂ ಚಿಕ್ಕದಿರುತ್ತದೆ.